ಆಯಿ ಎದಿಯೊಳಗಿನ ಮಷಿನು

ಬಾಜು ಮನೆಯ ಆಯಿಗೆ ಎದೆಯೊಳಗೆ ಮಷಿನು ಕೂಡಿಸಿದ ಸುದ್ದಿ ಕಲಬುರಗಿ ಸೇಡಂ ರಸ್ತೆಯ ನಮ್ಮ ಓಣಿಯಿಂದ ಹಿಡಿದು ಯೂನಿವರ್ಸಿಟಿ ಗೇಟಿನ ತನಕ ಎಲ್ಲರಿಗೂ ಮುಟ್ಟಿದೆ. ಪಾಪ, ಪೇಸ್‌ಮೇಕರ್ ಸದ್ದಿಲ್ಲದ ಪ್ರಾಣಿ. ಸದ್ದು ಮಾಡುತ್ತಿರುವುದು ಅದನ್ನು ನೋಡಲು ಬರುವ ಮಂದಿ! ಒಬ್ಬರು ಬಂದು “ಟಿವಿ ಬಾಜೂಕ ಕೂಡಬ್ಯಾಡ್ರಿ” ಅಂತಾರೆ. ಇನ್ನೊಬ್ಬರು “ಮಿಕ್ಸರ್ ಮುಟ್ಟಬ್ಯಾಡ್ರಿ” ಅಂತಾರೆ. ಮೂರನೆಯವರು ಬಂದು “ಸಿಡಿಲು ಬಡಿಯೋ ಹೊತ್ತಿನ್ಯಾಗ ಹೊರಗ ಬರಬ್ಯಾಡ್ರಿ” ಅಂದರು. ಸಿಡಿಲು ಬಡಿಯುವಾಗ ಯಾರೂ ಹೊರಗೆ ಬರಬಾರದು, ಅದಕ್ಕೆ ಎದೆಯಲ್ಲಿ ಮಷಿನೇ ಇರಬೇಕೇನು?

ಬಂದವರೆಲ್ಲರ ಕೈಯಲ್ಲೂ ಕಮಲಾಪುರದ ಕೆಂಪು ಬಾಳೆಹಣ್ಣು. ಜಿಐ ಪಟ್ಟ ಸಿಕ್ಕಿರುವ ಹಣ್ಣು, ಬೆಲೆಯೂ ಅದಕ್ಕೆ ತಕ್ಕಂತೆ. ನಮ್ಮ ಕಡೆ ರೋಗಿಯ ಯೋಗ್ಯತೆಯನ್ನು ಬಂದ ಹಣ್ಣಿನಿಂದ ಅಳೆಯುವ ರೂಢಿ. ಮುಂಚೆ ನಮ್ಮ ಮನೆಯಲ್ಲಿ ಯಾರೋ ಮಲಗಿದ್ದಾಗ ಬಂದದ್ದು ಬರೀ ಗ್ಲೂಕೋಸ್ ಬಿಸ್ಕತ್ತು. ಆಯಿಗೆ ಕೆಂಪು ಬಾಳೆ. ಎದೆಯ ಖಾತೆಗೆ ಮರ್ಯಾದೆ ಜಾಸ್ತಿ ಅಂತ ಕಾಣುತ್ತದೆ.

ಇರಲಿ, ಎಲ್ಲಿದ್ದೆ? ಹಾಂ, ಡಾಕ್ಟರು ಹೇಳಿದ್ದು. ಟಿವಿ, ಮಿಕ್ಸರ್, ಫ್ರಿಜ್ಜು ಯಾವುದಕ್ಕೂ ಅವರ ತಕರಾರಿಲ್ಲ. ಇಂಡಕ್ಷನ್ ಒಲೆಯಿದ್ದರೆ ಎರಡು ಅಡಿ ದೂರ, ವೆಲ್ಡಿಂಗ್ ನಡೆಯುವಲ್ಲಿ ಹೋಗಲೇಬಾರದು, ಜಾತ್ರೆಯ ಡಿಜೆ ಪೆಟ್ಟಿಗೆಗೆ ಎದೆ ಆನಿಸಿ ನಿಲ್ಲಬಾರದು, ಅದರೊಳಗೆ ದೊಡ್ಡ ಅಯಸ್ಕಾಂತ ಇರುತ್ತದೆ. ಇವೆಲ್ಲ ಆಯಿಗೆ ಒಪ್ಪಿಗೆ. ಒಪ್ಪದೇ ಹೋದದ್ದು ಒಂದೇ. ಮೊಬೈಲು ಮಷಿನಿನಿಂದ 15 ಸೆಂಟಿಮೀಟರಾದರೂ ದೂರ ಇರಬೇಕಂತೆ. ಆಯಿ ತಮ್ಮ ಗುಂಡಿ ಮೊಬೈಲನ್ನು ಇಟ್ಟುಕೊಳ್ಳುತ್ತಿದ್ದುದು ಕುಬಸದೊಳಗೆ, ಅದೂ ಎಡಕ್ಕೇ! ಈಗ ಅದಕ್ಕೊಂದು ದಾರದ ಚೀಲ ಹೊಲಿದು ಸೊಂಟಕ್ಕೆ ಕಟ್ಟಿದ್ದಾರೆ. ರಿಂಗಾದಾಗ ಸೆರಗು, ನಿರಿಗೆ ಎಲ್ಲ ತಡಕಾಡಿ ಎತ್ತುವಷ್ಟರಲ್ಲಿ ಆ ಕಡೆಯವರು ಇಟ್ಟಿರುತ್ತಾರೆ.

ಇದೆಲ್ಲ ಶುರುವಾದದ್ದು ಚಕ್ಕರಿನಿಂದ. ದೇವರ ಮುಂದೆ ದೀಪ ಹಚ್ಚುವಾಗ ಕಣ್ಣಿಗೆ ಕತ್ತಲೆ ಕಟ್ಟಿ ಕುಸಿದರು. ಕಲಬುರಗಿಯ ಬಿಸಿಲು ಅಂದರು, ಸೋಮವಾರದ ಒಪ್ಪತ್ತು ಅಂದರು, ದೃಷ್ಟಿ ಅಂತ ಮೆಣಸಿನಕಾಯಿಯನ್ನೂ ಇಳಿಸಿದರು. ಇಸಿಜಿ ತೆಗೆದಾಗ ನೋಡಿದರೆ ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗೆ. 60ರಿಂದ 100 ಇರಬೇಕಾದದ್ದು. ಹೃದಯದ ಬಲಭಾಗದ ಮೇಲ್ಗಡೆ ಒಂದು ಚಿಕ್ಕ ಜಾಗದಲ್ಲಿ ಕರೆಂಟು ತಾನಾಗಿ ಹುಟ್ಟುತ್ತದೆ, ಮಿಡಿ ಅಂತ ಕೆಳಗಿನ ಕೋಣೆಗಳಿಗೆ ಹೇಳಿ ಕಳಿಸುತ್ತದೆ. ಆ ಮಾತು ಕೆಳಗೆ ಮುಟ್ಟದಿದ್ದರೆ ಹೀಗೆ ಚಕ್ಕರು. ಅದಕ್ಕೆ ಗುಳಿಗೆ ನುಂಗಿ ಕಾಯುತ್ತ ಕೂಡುವ ಹಾಗಿಲ್ಲ, ಮಷಿನೇ ಬೇಕು.

ನಮ್ಮ ಅಪ್ಪನ ಕಾಲದಲ್ಲಾಗಿದ್ದರೆ ಎದೆನೋವು ಅಂದ ತಕ್ಷಣ ಸೊಲ್ಲಾಪುರ, ಇಲ್ಲವೇ ಹೈದರಾಬಾದ್. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಬಸ್ಸು ಹತ್ತುವುದು, ರೋಗಿಗಿಂತ ಜೊತೆಗೆ ಹೋದವರೇ ಹೆಚ್ಚು ಬಳಲಿ ಬರುವುದು. 2016ರಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇಲ್ಲಿಯ ಜಿಮ್ಸ್ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲೇ ಶುರುವಾದ ಮೇಲೆ ಆ ಗಂಟು ಬಿಚ್ಚಿತು. 2024ರ ಡಿಸೆಂಬರ್‌ನಲ್ಲಿ ಸ್ವಂತ ಕಟ್ಟಡವೂ ಆಯಿತು. ಹಾಸಿಗೆ ಎಷ್ಟು ಅಂತೀರಿ? 371! ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ಕಲಮಿನ ನೆನಪಿಗೆ. ಸಂವಿಧಾನದ ಕಲಮು ನೋಡಿ ಹಾಸಿಗೆ ಹಾಕಿದ ಆಸ್ಪತ್ರೆ ಬೇರೆ ಎಲ್ಲಾದರೂ ಕಂಡಿದ್ದೀರಾ?

ಆಪರೇಷನ್ ಅಂದರೆ ಎದೆ ಸೀಳುತ್ತಾರೆ ಅಂತ ಓಣಿಯವರೆಲ್ಲ ಗಾಬರಿ. ಹಾಗೇನಿಲ್ಲ. ಎಡ ಕೊರಳೆಲುಬಿನ ಕೆಳಗೆ ಮರಗಟ್ಟುವ ಇಂಜೆಕ್ಷನ್ನು, ರಕ್ತನಾಳದೊಳಗಿಂದ ಒಂದು ತೆಳುವಾದ ವೈರು, ಎಕ್ಸ್‌ರೇ ಪರದೆ ನೋಡುತ್ತ ಅದನ್ನು ಹೃದಯದ ತನಕ ಇಳಿಸಿ, ಚರ್ಮದ ಕೆಳಗೆ ಕಿಸೆ ಮಾಡಿ ಡಬ್ಬಿ ಕೂಡಿಸುವುದು. ಡಬ್ಬಿಯ ತೂಕ 25–30 ಗ್ರಾಂ. ತಾಸು, ಒಂದೂವರೆ ತಾಸಿನ ಕೆಲಸ. ಎಚ್ಚರವೇ ಇರುತ್ತದಲ್ಲ, ಆಯಿ ಮಲಗಿದಲ್ಲಿಂದಲೇ ಈ ಸಲ ತೊಗರಿ ರೇಟು ಎಷ್ಟಿದೆ ಅಂತ ವಿಚಾರಿಸಿದರಂತೆ. ಮಾತಾಡಬ್ಯಾಡವ್ವ, ಸ್ವಲ್ಪ ಸುಮ್ಮನಿರು ಅಂತ ಡಾಕ್ಟರೇ ಕೈ ಮುಗಿದರಂತೆ.

ನಿಜವಾದ ಕಷ್ಟ ಆಮೇಲೆ. ಒಂದೂವರೆ ತಿಂಗಳು ಎಡಗೈ ಭುಜದ ಮೇಲೆ ಎತ್ತುವಂತಿಲ್ಲ, ವೈರು ಜರುಗುತ್ತದೆ. ಅಂದರೆ ರೊಟ್ಟಿ ಬಡಿಯುವುದೂ ಬಂದ್. “ಬಡಿಯೋದು ಬಲಗೈಲೆ, ಎಡಗೈ ಬರೇ ತಿರುವತದ” ಅಂತ ವಾದಿಸಿ ನೋಡಿದರು, ನಡೆಯಲಿಲ್ಲ. ಈಗ ಸೊಸೆ ಒಳಗೆ ಪಟಪಟ ರೊಟ್ಟಿ ಬಡಿಯುತ್ತಾಳೆ, ಆಯಿ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾರೆ. ಸದ್ದು ಒಂದೇ ಸಮ ಬರುತ್ತಿದ್ದರೆ ಆಯಿಯದು ತುಟಿಪಿಟಕ್ಕಿಲ್ಲ. ಎರಡು ಪೆಟ್ಟು ತಡವಾಯಿತೋ, “ಯಾಕವಾ, ನಿಂತಿ?” ಅಂತ ಇಲ್ಲಿಂದಲೇ ಒಂದು ಕೂಗು. ಪಟಪಟ ಮತ್ತೆ ಶುರು. ಆ ಡಬ್ಬಿ ಎದೆಯೊಳಗೆ ಮಾಡುವುದೂ ಇಷ್ಟೇ ನೋಡಿ. ಹೃದಯ ತಾನೇ ಮಿಡಿಯುತ್ತಿದ್ದರೆ ಸುಮ್ಮನೆ ಕೇಳಿಸಿಕೊಳ್ಳುತ್ತದೆ, ತಡೆದರೆ ಮಾತ್ರ ಎಚ್ಚರಿಸುತ್ತದೆ. ಇದನ್ನು ಹೇಳಿದಾಗ ಸೊಸೆ ನಕ್ಕಳು, ಆಯಿ ನಗಲಿಲ್ಲ.

ಇಂಥ ಮಷಿನು ಮೊಟ್ಟಮೊದಲು ದೇಹದೊಳಗೆ ಹೊಕ್ಕಿದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಆರ್ನೆ ಲಾರ್ಸನ್ ಅನ್ನುವವರಿಗೆ. ಗಂಡ ದಿನಕ್ಕೆ ಎಷ್ಟೋ ಸಲ ಎಚ್ಚರ ತಪ್ಪುವುದನ್ನು ನೋಡಲಾಗದೆ ಹೆಂಡತಿಯೇ ಹೋಗಿ ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ಮತ್ತು ಸರ್ಜನ್ ಸೆನ್ನಿಂಗ್ ಇಬ್ಬರ ಬೆನ್ನು ಬಿದ್ದಳಂತೆ. ಮಷಿನಿನ ಅಚ್ಚಿಗೆ ಬಳಸಿದ್ದೇನು ಗೊತ್ತೇ? ಬೂಟ್ ಪಾಲಿಶ್ ಡಬ್ಬಿ! ಅದು ನಡೆದದ್ದು ಕೆಲವೇ ತಾಸು. ಆದರೆ ಲಾರ್ಸನ್ ಮಷಿನು ಬದಲಿಸುತ್ತ ಬದಲಿಸುತ್ತ 26 ಹಾಕಿಸಿಕೊಂಡು, ಆ ಇಂಜಿನಿಯರ್, ಆ ಸರ್ಜನ್ ಇಬ್ಬರನ್ನೂ ಕಳಿಸಿಕೊಟ್ಟು, 2001ರಲ್ಲಿ 86ನೇ ವಯಸ್ಸಿಗೆ ಹೋದರು. ಅದೂ ಎದೆಯ ಕಾಯಿಲೆಯಿಂದಲ್ಲ.

ಈಗಿನವು ಎಂಟು ಹತ್ತು ವರ್ಷ ಬಾಳುತ್ತವೆ, ಆಮೇಲೆ ವೈರು ಚೆನ್ನಾಗಿದ್ದರೆ ಡಬ್ಬಿಯಷ್ಟೇ ಬದಲು. ಸುಟ್ಟರೆ ಬ್ಯಾಟರಿ ಸಿಡಿಯುತ್ತದೆ, ದಹನಕ್ಕೆ ಮುಂಚೆ ತೆಗೆಯಬೇಕು ಅಂತ ಯಾರೋ ಆಯಿಯ ಎದುರಿಗೇ ಹೇಳಿಬಿಟ್ಟರು. ಮಾತು ನಿಜವೇ, ಹೇಳುವ ಜಾಗ ಬೇಡವೇ? ಆಯಿ ಮಾತ್ರ ಅಲುಗಲಿಲ್ಲ. “ನಾವು ಮಣ್ಣು ಮಾಡೋ ಮಂದಿ, ಕೊಳ್ಳಾಗ ಲಿಂಗ ಬರ್ತದ, ಬಾಜೂಕ ಮಷಿನೂ ಬರ್ಲಿ” ಅಂದರು. ಹೇಳಿದವರು ಚಹಾ ಕುಡಿಯದೆ ಎದ್ದರು.

ಮೊನ್ನೆ ತಪಾಸಣೆಗೆ ಹೋಗಿದ್ದರು. ಎದೆಯ ಮೇಲೆ ಏನೋ ಒಂದು ಇಟ್ಟರೆ ಮಷಿನು ತಾನು ಎಷ್ಟು ಕೆಲಸ ಮಾಡಿದೆ ಅನ್ನುವ ಲೆಕ್ಕವನ್ನೆಲ್ಲ ಒಪ್ಪಿಸುತ್ತದೆ. ಹೆಚ್ಚುಕಡಿಮೆ ಅರ್ಧ ಮಿಡಿತ ಅದರದ್ದು ಅಂತ ಬಂತಂತೆ. ಮಗ ಸಪ್ಪಗಾದ. ಆಯಿ ಸಂಜೆ ಕಾಂಪೌಂಡಿಗೆ ಒರಗಿ ನಮ್ಮನ್ನೇ ಕೇಳಿದರು: “ಅರ್ಧ ಅದು ಮಾಡಿದ್ರ ಉಳಿದರ್ಧ ನಾನೇ ಮಾಡೀನಲ್ರಿ? ಈ ವಯಸ್ಸಿನ್ಯಾಗ ಅರ್ಧ ದುಡಿಯೋರು ಈ ಓಣ್ಯಾಗ ಇನ್ಯಾರದಾರ, ಹೇಳ್ರಿ?”