ಹಾರ್ಮೋನಿಯಂ ಬದಲಿಸುವ ಕ್ರಮ: ಘಟ್ಟದ ಮೇಲಿನವರಿಗಾಗಿ

ಈ ಕೈಪಿಡಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಿಗೆ ಮಾತ್ರ ಅನ್ವಯಿಸುತ್ತದೆ. ಘಟ್ಟದ ಕೆಳಗಿನವರು ಉಪ್ಪುಗಾಳಿಯನ್ನೂ ಹುಬ್ಬಳ್ಳಿ ಕಡೆಯವರು ಧೂಳನ್ನೂ ಸೇರಿಸಿಕೊಂಡು ಓದಿಕೊಳ್ಳಬೇಕು. ಓದುವ ಮುಂಚೆ ಹಳೆಯ ಪೆಟ್ಟಿಗೆಯನ್ನು ಜಗಲಿಗೆ ತಂದು, ಮೇಲಿನ ಹಲಗೆ ಬಿಚ್ಚಿ, ಒಳಗಿರುವ ಜಿರಳೆಗಳಿಗೆ ಹೊರಡಲು ಸ್ವಲ್ಪ ಸಮಯ ಕೊಡಿ.

1. ಪೆಟ್ಟಿಗೆ ನಿಜವಾಗಿ ಸತ್ತಿದೆಯೇ?

ನಮ್ಮಲ್ಲಿ ಸತ್ತಿತೆಂದು ಘೋಷಿಸಿದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ, ನೆಂದಿರುತ್ತವೆ. ಆಷಾಢದಲ್ಲಿ ಮರ ಉಬ್ಬುತ್ತದೆ. ಒತ್ತಿದ ಕೀ ಒತ್ತಿದಲ್ಲೇ ಕೂರುತ್ತದೆ; ಕೇಳುವವರು ಅದನ್ನು ಆಲಾಪವೆಂದು ತಿಳಿಯುತ್ತಾರೆ. ಕೀಗಳ ಅಡಿಯ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ, ಹಿತ್ತಾಳೆಯ ರೀಡಿಗೆ ಕಿಲುಬು ಕಟ್ಟುತ್ತದೆ. ರೀಡಿನ ನಾಲಗೆಗೂ ಅದು ಅಲುಗುವ ಸೀಳಿಗೂ ನಡುವೆ ಇರುವ ಜಾಗ ತೀರಾ ಕಿರಿದು. ಅಲ್ಲಿ ಒಂದು ಕಸ ಕೂತರೂ ಸ್ವರ ಗೊರಗುಡುತ್ತದೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತದೆ. ಇವೆಲ್ಲ ರಿಪೇರಿಗೆ ಬಗ್ಗುವ ರೋಗಗಳು. ಇಲಿ ಕಡಿದ ತಿದಿಗೂ ಮದ್ದಿದೆ. ಗೆದ್ದಲು ಹಿಡಿದು, ರೀಡು ಕೂರಿಸಿದ ಹಲಗೆಯೇ ಸೀಳಿದ್ದರೆ ಮಾತ್ರ ಎರಡನೆಯ ಅಧ್ಯಾಯಕ್ಕೆ ಹೋಗಿ.

ಎಚ್ಚರಿಕೆ: ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಇದು ನಿಜ, ಆದರೆ ನಿಮಗೆ ಬೇಡದ ಜ್ಞಾನ. ಮೆಟ್ಟುಗತ್ತಿ ಇರುವುದು ಅಡಿಕೆ ಸುಲಿಯುವುದಕ್ಕೆ.

2. ನಿಮ್ಮ ಶೈಲಿ ಯಾವುದು?

ಈ ಪ್ರಶ್ನೆಗೆ ಎಲ್ಲರೂ ವಿಸ್ತಾರವಾಗಿ ಉತ್ತರಿಸುತ್ತಾರೆ. ನೀವೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಮಡಚಿ, ಕಿಸೆಯಲ್ಲಿಡಿ. ಅದರ ಉಪಯೋಗ ಮುಂದೆಲ್ಲೂ ಬರುವುದಿಲ್ಲ. ನಮ್ಮ ಸೀಮೆಯಲ್ಲಿ ಪೆಟ್ಟಿಗೆ ಬಾರಿಸುವವನ ಶೈಲಿ ಇರುವುದು ಪಕ್ಕದಲ್ಲಿ ಹಾಡುವವರ ಗಂಟಲಲ್ಲಿ. ಆದ್ದರಿಂದ ಕೊಳ್ಳಬೇಕಾದ್ದು ನಿಮಗೆ ಒಗ್ಗುವ ಪೆಟ್ಟಿಗೆಯಲ್ಲ, ಅವರಿಗೆ ಒಗ್ಗುವ ಪೆಟ್ಟಿಗೆ.

ಅವರು ಯಾರು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಹಿಂದೂಸ್ತಾನಿ ಕಲಿಯುತ್ತಿರುವ ಅಣ್ಣ ಕಪ್ಪು ಒಂದರಲ್ಲಿ ಹಾಡಬಹುದು, ಅತ್ತಿಗೆ ಕಪ್ಪು ಐದರಲ್ಲಿ, ಅಪ್ಪಯ್ಯ ಆ ದಿನದ ಕಫ ಇದ್ದಲ್ಲಿ. ಮೂವರೂ ಒಂದೇ ಮನೆಯಲ್ಲಿದ್ದರೆ ಅಂಗಡಿಯವರು ಸ್ಕೇಲ್ ಚೇಂಜರ್ ತೋರಿಸುತ್ತಾರೆ. ಅದರಲ್ಲಿ ಕೀಗಳ ಸಾಲೇ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಬೆರಳು ಇದ್ದಲ್ಲೇ ಇರುತ್ತದೆ, ಷಡ್ಜ ಬದಲಾಗುತ್ತದೆ. ಜಾಣ ಯಂತ್ರವೇ ಸರಿ. ಆದರೆ ಸರಿಯುವ ಭಾಗಗಳು ಹೆಚ್ಚಿದಷ್ಟೂ ಮಳೆಗಾಲದಲ್ಲಿ ಸಿಕ್ಕಿಕೊಳ್ಳುವ ಭಾಗಗಳೂ ಹೆಚ್ಚು, ತೂಕವೂ ಹೆಚ್ಚು. ಯಾವ ಕೀಯಿಂದ ಬೇಕಾದರೂ ಷಡ್ಜ ಹಿಡಿದು ಬಾರಿಸಬಲ್ಲವರಿಗೆ ಅದು ಬೇಡ. ಹಾಗೆ ಬಾರಿಸಲಾರದವರು ಕಲಿತುಕೊಳ್ಳುವುದು ಅಗ್ಗ.

ಯಕ್ಷಗಾನದ ಹಿಮ್ಮೇಳಕ್ಕೆ ಕೂರುವವರಿಗೆ ಪ್ರತ್ಯೇಕ ಸೂಚನೆ. ಹಿಂದೆ ಭಾಗವತರಿಗೆ ಶ್ರುತಿ ಕೊಡುತ್ತಿದ್ದುದು ಪುಂಗಿ. ಆಮೇಲೆ ಹಾರ್ಮೋನಿಯಂ ಬಂತು. ಈಗ ವಿದ್ಯುತ್ ಶ್ರುತಿಪೆಟ್ಟಿಗೆ ಇದೆ. ಮೂರಕ್ಕೂ ಕೆಲಸ ಒಂದೇ: ರಾತ್ರಿಯಿಡೀ ಷಡ್ಜ ಬಿಡದೆ ಇರುವುದು. ಮದ್ದಲೆಯನ್ನು ಭಾಗವತರ ಶ್ರುತಿಗೆ ಮುಂಚೆಯೇ ಕೂಡಿಸಿ ಇಟ್ಟಿರುತ್ತಾರೆ. ಅಲ್ಲಿ ನೀವು ಕೈಚಳಕ ತೋರಿಸಲು ಹೋದರೆ ಭಾಗವತರು ತಿರುಗಿ ನೋಡುತ್ತಾರೆ. ನೆಬ್ಬೂರು ನಾರಾಯಣ ಭಾಗವತರಂಥ ಕಂಠ ಕೊಟ್ಟ ಸೀಮೆಯಿದು. ಪದ ಕೇಳಬಂದವರು ಪೆಟ್ಟಿಗೆಯನ್ನು ಕೇಳುವುದಿಲ್ಲ. ಮಳೆಗಾಲದ ತಾಳಮದ್ದಲೆಗೂ ಇದೇ ಮಾತು. ನನ್ನ ತೀರ್ಪು: ವಿದ್ಯುತ್ ಶ್ರುತಿಪೆಟ್ಟಿಗೆ ಕೊಳ್ಳಿ. ಕರೆಂಟು ಹೋದಾಗಲೂ ನಡೆಯುವ ಬ್ಯಾಟರಿಯದ್ದೇ ಬೇಕು, ಯಾಕೆಂದು ಈ ಮೂರು ತಾಲೂಕಿನವರಿಗೆ ವಿವರಿಸಬೇಕಾಗಿಲ್ಲ.

ಖಯಾಲಿನ ಸಾಥಿಗೆ ಕೂರುವವರ ಕಷ್ಟ ಬೇರೆ. ಯಲ್ಲಾಪುರ ತಾಲೂಕಿನ ಹಾಸಣಗಿಯಲ್ಲಿ ಪಂಡಿತ ಗಣಪತಿ ಭಟ್ಟರಿದ್ದಾರೆ. ಊರೂರಿನ ಬೈಠಕ್‌ಗಳಲ್ಲಿ ಕೇಳುವ ಕಿವಿಗಳು ಪಳಗಿವೆ. ಇಲ್ಲಿ ಜೋರು ಧ್ವನಿಯ ಪೆಟ್ಟಿಗೆ ತಂದರೆ ಕೆಟ್ಟಿರಿ. ಗಾಯಕರ ಹಿಂದೆ ಅರ್ಧ ಉಸಿರಿನಷ್ಟು ತಡವಾಗಿ, ಮೆತ್ತಗೆ ಬರುವ ಸ್ವರ ಬೇಕು. ಒಂದು ಖರ್ಜ, ಒಂದು ನಡುವಿನ ಸಾಲು ರೀಡು ಚೆನ್ನಾಗಿದ್ದರೆ ಸಾಕು; ಕೀರಲು ಧ್ವನಿಯ ಮೂರನೆಯ ಸಾಲು ಭಜನೆಗೆ ಇರಲಿ. ಬೆಳಗಾವಿಯ ರಾಮಭಾವು ಬಿಜಾಪುರೆ, ಧಾರವಾಡದ ವಸಂತ ಕನಕಾಪುರ ಬಾರಿಸಿದ್ದನ್ನು ಒಮ್ಮೆ ಕೇಳಿ ಅಂಗಡಿಗೆ ಹೋಗಿ. ಪೆಟ್ಟಿಗೆಗಿಂತ ದೊಡ್ಡದು ಏನು ಬೇಕೆಂದು ಗೊತ್ತಾಗುತ್ತದೆ.

ಮೀಂಡ್ ಮಾತ್ರ ಕೇಳಬೇಡಿ. ಒಂದು ಕೀಯಿಂದ ಇನ್ನೊಂದಕ್ಕೆ ಜಾರುವ ದಾರಿಯನ್ನು ಈ ವಾದ್ಯದಲ್ಲಿ ಇಟ್ಟೇ ಇಲ್ಲ. ಸಮಾನ ಅಂತರದಲ್ಲಿ ಕೂಡಿಸಿದ ಪೆಟ್ಟಿಗೆಯಲ್ಲಿ ಅರ್ಧಸ್ವರವನ್ನು 100 ಪಾಲು ಮಾಡಿದರೆ ಶುದ್ಧ ಗಾಂಧಾರ ಸುಮಾರು 14 ಪಾಲು ಮೇಲಕ್ಕೇ ನಿಲ್ಲುತ್ತದೆ. ತಂಬೂರಿ ಮೀಟುವವರು ಮುಖ ಕಿವುಚುವುದು ಸುಮ್ಮನಲ್ಲ. ಇಂಥ ದೂರುಗಳ ಮೇಲೆಯೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ, 1971ರವರೆಗೆ ಪಟ್ಟು ಬಿಡಲಿಲ್ಲ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ನಮ್ಮ ಪೇಟಿ ಮಾಸ್ತರರಿಗೆ ಅಲ್ಲಿ ಜಾಗವಿರಲಿಲ್ಲ. ಅಷ್ಟು ವರ್ಷ ರೇಡಿಯೋ ದೂರವಿಟ್ಟರೂ ಜಗಲಿಗಳು ದೂರವಿಡಲಿಲ್ಲ, ಅದು ಬೇರೆ.

3. ಮೌತ್ ಆರ್ಗನ್ ಕೊಂಡರೆ ಆಗದೇ?

ಇದೂ ಅದೇ ಕುಲ; ಅದೇ ಹಿತ್ತಾಳೆಯ ನಾಲಗೆ, ಕಿಸೆಗೆ ಹಿಡಿಯುತ್ತದೆ. ಆದರೆ ಹತ್ತು ತೂತಿನ ಸಾಮಾನ್ಯ ಮೌತ್ ಆರ್ಗನ್ ಒಂದು ಶ್ರುತಿಗೆ ಕಟ್ಟಿದ್ದು. ಅಣ್ಣನಿಗೊಂದು, ಅತ್ತಿಗೆಗೊಂದು, ಅಪ್ಪಯ್ಯನ ಕಫಕ್ಕೊಂದು ಬೇಕಾಗುತ್ತದೆ. ಗುಂಡಿ ಒತ್ತಿ ಅರ್ಧಸ್ವರ ಹಿಡಿಯುವ ಕ್ರೊಮ್ಯಾಟಿಕ್ ಜಾತಿಯೂ ಇದೆ, ಆದರೆ ಊದುವವನ ಬಾಯಿ ಅದಕ್ಕೇ ಮೀಸಲು. ಭಜನಾ ಮಂಡಳಿಯಲ್ಲಿ ಹಾಡುವವರು ಒಬ್ಬರು ಕಡಿಮೆಯಾಗುತ್ತಾರೆ. ಕೆಲವು ಮಂಡಳಿಗಳು ಇದನ್ನು ಲಾಭವೆಂದೇ ಪರಿಗಣಿಸಬಹುದು.

4. ಅಂಗಡಿಯಲ್ಲಿ

ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಎಲ್ಲರೂ ಪೆಟ್ಟಿಗೆ ಕೊಳ್ಳಲು ಹುಬ್ಬಳ್ಳಿಗೆ ಹೋಗುತ್ತಾರೆ. ಬಿರುಬೇಸಿಗೆಯ ಒಣಹವೆಯಲ್ಲಿ ಯಾವ ಪೆಟ್ಟಿಗೆಯಾದರೂ ಗಂಧರ್ವನಂತೆ ಹಾಡುತ್ತದೆ. ಸಾಧ್ಯವಾದರೆ ಶ್ರಾವಣದಲ್ಲಿ ಹೋಗಿ. ಆಗದಿದ್ದರೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಸರಿಮಾಡಿ ಕೊಡುತ್ತೇವೆಂಬ ಮಾತನ್ನು ಬರೆಸಿಕೊಂಡು ಬನ್ನಿ.

ಬಣ್ಣ, ಕೆತ್ತನೆ, ಹಿತ್ತಾಳೆ ಹಿಡಿಕೆ ನೋಡಬೇಡಿ. ತಿದಿ ನೋಡಿ. ಯುರೋಪಿನಲ್ಲಿ ಕಾಲಿಂದ ಒತ್ತುತ್ತಿದ್ದ ಪೆಟ್ಟಿಗೆಯನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವಂತೆ 19ನೇ ಶತಮಾನದಲ್ಲಿ ಬಳಕೆಗೆ ತಂದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅಂದಿನಿಂದ ಈ ವಾದ್ಯದ ಅರ್ಧ ಸಂಗೀತ ಎಡಗೈಯಲ್ಲಿದೆ. ಎಲ್ಲ ಸ್ಟಾಪ್ ಮುಚ್ಚಿ, ಯಾವ ಕೀಯನ್ನೂ ಮುಟ್ಟದೆ ತಿದಿಗೆ ಗಾಳಿ ತುಂಬಿಸಿ. ತಿದಿ ತಡೆದು ನಿಂತರೆ ಒಳ್ಳೆಯದು. ಬೇಗ ಕುಸಿದರೆ ಸೋರಿಕೆ ಇದೆ, ಎದ್ದು ಬನ್ನಿ. ನಂತರ ಪ್ರತಿ ಕೀಯನ್ನೂ ಒಂದೊಂದೇ ಸಾಲಿನ ರೀಡಿನಲ್ಲಿ, ಅತಿ ಕಡಿಮೆ ಗಾಳಿಯಲ್ಲಿ ಒತ್ತಿ. ಜೋರು ಗಾಳಿಗೆ ಎಲ್ಲ ರೀಡೂ ನುಡಿಯುತ್ತವೆ. ಮೆಲುಗಾಳಿಗೆ ತಡವಾಗಿ ಬಾಯಿಬಿಡುವುದೇ ಸೋಮಾರಿ ರೀಡು. ಅಂಗಡಿಯವರು ಈ ಹೊತ್ತಿನಲ್ಲಿ ಒಂದು ಸಿನಿಮಾ ಹಾಡು ಬಾರಿಸಿ ತೋರಿಸಲು ಬರುತ್ತಾರೆ. ಚಹಾ ತರಲು ಹೇಳಿ. ರೀಡು ಪಾಲಿತಾಣದ್ದೆಂದು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಗುಜರಾತಿನ ಆ ಊರಿನ ಹೆಸರು ಅಷ್ಟು ದೊಡ್ಡದು. ಕೇಳಿಸಿಕೊಂಡು, ಕಿವಿಯನ್ನು ರೀಡಿನ ಕಡೆಗೇ ಇಡಿ.

ಮುಖ್ಯವಾಗಿ, ಹಾಡುವವರನ್ನು ಜೊತೆಗೆ ಕರೆದೊಯ್ಯಿರಿ. ಬಿಟ್ಟು ಹೋದರೆ ಹೊಸ ಪೆಟ್ಟಿಗೆ ಮನೆಗೆ ಬಂದ ಸಂಜೆಯೇ 'ಹಳೇದೇ ಚೊಲೋ ಇತ್ತು' ಎಂಬ ಮಾತು ಖಂಡಿತ.

5. ತಂದ ಮೇಲೆ

ಒಲೆಯ ಹತ್ತಿರ ಇಟ್ಟರೆ ಮರ ಸೀಳುತ್ತದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಇಟ್ಟರೆ ಥಂಡಿ ಏರುತ್ತದೆ. ಮಣೆಯ ಮೇಲಿಡಿ, ದಿನವೂ ಬಾರಿಸಿ. ಹಳೆಯ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಬೇಡಿ. ಕಿಲುಬು ತೆಗೆದರೆ ಅದರ ರೀಡುಗಳಲ್ಲಿ ಎಷ್ಟೋ ಇನ್ನೂ ನುಡಿಯುತ್ತವೆ. ರಿಪೇರಿ ಬಲ್ಲವರ ಕೈಗೆ ಕೊಟ್ಟು, ಆಮೇಲೆ ಊರಿನ ಶಾಲೆಗೋ ಹಾಡು ಕಲಿಯುವ ಪಕ್ಕದ ಮನೆಯ ಕೂಸಿಗೋ ದಾಟಿಸಿ. ಈ ಮಳೆಗಾಲಕ್ಕೆ ಮುಂಚೆಯೇ ಆಗಲಿ.