ಗೂಡಿನ ಕೆಳಗಿನ ಪ್ಯಾನೆಲ್ಲು

"ಒಸಿ ಬಾ ಇಲ್ಲಿ" ಅಂತ ಅಣ್ಣ ಕೂಗಿದ. ಬೇಲಿ ಸಂದಿಯಲ್ಲಿ ತಲೆ ತೂರಿಸಿ ನೋಡಿದೆ. ಹುಣಸೆ ಮರದಡಿ, ರೇಷ್ಮೆ ಹುಳದ ಮನೆಯ ಶೀಟಿನ ಮೇಲೆ ಹೊಸ ಸೋಲಾರ್ ಪ್ಯಾನೆಲ್ಲು. ಅದರ ನೆತ್ತಿಗೆ ಸರಿಯಾಗಿ ಹೆಜ್ಜಾರ್ಲೆ ಗೂಡುಗಳು. ಪ್ಯಾನೆಲ್ಲಿಗೆ ಯಾರೋ ಸುಣ್ಣ ಬಳಿದಂತಿತ್ತು. ಮೂಲೆಯಲ್ಲೊಂದು ಒಣಗಿದ ಮೀನಿನ ಬಾಲ.

"ರಾತ್ರಿ ಎಂಟಕ್ಕೇ ಲೈಟು ಕಣ್ಣು ಮುಚ್ತದೆ ಕನಪ್ಪ. ಬ್ಯಾಟ್ರಿ ನೋಡುದ್ರೆ 150 ಆಂಪಿಯರ್ದು. ಅಂಗಡಿಯೋನು ಇಷ್ಟು ಸಾಕು ಅಂದ."

"ದೊಡ್ಡ ಎಮ್ಮೆ ಕಟ್ಕೊಂಡು ಹಿಡಿ ಹುಲ್ಲು ಹಾಕ್ತಿದ್ದೀಯಲ್ಲಣ್ಣ" ಅಂದೆ.

1902ರಲ್ಲೇ ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಣ್ಣನ ಹುಳದ ಮನೆಗೆ ಇನ್ನೂ ಕಂಬ ಬಂದಿಲ್ಲ. ಬುಡಿ, ಆ ಮಾತು ಎತ್ತಿದರೆ ಹೊತ್ತು ಮುಳುಗುತ್ತೆ.

ಕಡ್ಡಿ ತಗೊಂಡು ಮಣ್ಣಲ್ಲಿ ಲೆಕ್ಕ ಗೀಚಿದೆ. 9 ವಾಟಿನ ನಾಲ್ಕು ಬಲ್ಬು 5 ಗಂಟೆ, 30 ವಾಟಿನ ಫ್ಯಾನು 8 ಗಂಟೆ, ಮೇಲೆ ಮೊಬೈಲು: 440 ವಾಟ್-ಅವರ್, ಅಂದರೆ ಅರ್ಧ ಯೂನಿಟ್ಟೂ ಇಲ್ಲ. ವೈರು, ಬ್ಯಾಟರಿ, ಧೂಳು ನುಂಗುವುದನ್ನೂ ಸೇರಿಸಿದರೆ ಪ್ಯಾನೆಲ್ಲು 630 ಕೊಡಬೇಕು. ಆಷಾಢದ ಮೋಡಕ್ಕೆ ಗಟ್ಟಿ ಬಿಸಿಲು ದಿನಕ್ಕೆ 4 ಗಂಟೆ ಅಂತ ಹಿಡಿದರೆ 160 ವಾಟು. ಎರಡು ದಿನ ಸೂರ್ಯ ಕಾಣದಿದ್ದರೂ ನಡೆಯಬೇಕು, ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಅಂದರೆ 12 ವೋಲ್ಟಿನ 150 ಆಂಪಿಯರ್-ಅವರ್ ಸರಿಯೇ.

"ಮತ್ತೆ ಸರಿಯಾಗೇ ಅಯ್ತಲ್ಲ!"

ಇಲ್ಲೇ ಎಲ್ಲರೂ ಎಡವುವುದು. ಸೀಸದ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗದಷ್ಟು ಕರೆಂಟು ಹರಿದರೆ ಹೊಟ್ಟೆ ತುಂಬುತ್ತೆ: 150ಕ್ಕೆ 15 ಆಂಪಿಯರ್. ಅಣ್ಣನ 160 ವಾಟಿನ ಒಂದು ಪ್ಯಾನೆಲ್ಲು ಕೊಡುವುದು 9. ದಿನಾ ಅರೆಹೊಟ್ಟೆಯಲ್ಲಿಟ್ಟರೆ ಒಳಗಿನ ಪ್ಲೇಟಿಗೆ ಸಲ್ಫೇಟು ಗಟ್ಟಿಯಾಗಿ ಕೂತು, ಎಮ್ಮೆ ಬರಡಾಗುತ್ತೆ. ಪ್ಯಾನೆಲ್ಲು ಎರಡು ಬೇಕು.

ಆದರೆ ಹತ್ತು ಪ್ಯಾನೆಲ್ಲು ಹಾಕಿದರೂ ಈ ಮರದಡಿ ಉಪಯೋಗವಿಲ್ಲ. ಒಳಗಿನ ಬಿಲ್ಲೆಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಸೇರಿಕೊಂಡಿರುತ್ತವೆ. ನಾಲೆಗೆ ಒಂದು ಕಡೆ ಮಣ್ಣು ಕುಸಿದರೆ ಕೊನೇ ಭಾಗದವರಿಗೆ ನೀರಿಲ್ಲವಲ್ಲ, ಹಾಗೆ ಒಂದು ಬಿಲ್ಲೆಯ ಮೇಲೆ ಹಿಕ್ಕೆ ಬಿದ್ದರೆ ಇಡೀ ಸಾಲು ಸೊರಗುತ್ತೆ. ನಮ್ಮೂರಿನ ಕಷ್ಟ ಬೇರೆ ಊರಿಗಿಲ್ಲ: ಬಿಸಿಲಿರುವಾಗ ಕೊಕ್ಕರೆ, ಕೊಕ್ಕರೆ ಹೋದ ಮೇಲೆ ಮೋಡ.

"ಈ ಒಂದು ಕೊಂಬೆ ಸವರುದ್ರೆ?" ಅಂತ ಕೇಳಿ ಅಣ್ಣನೇ ನಾಲಿಗೆ ಕಚ್ಚಿಕೊಂಡ. ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅತ್ತಿಗೆ ಬಾಗಿಲಿಗೇ ಬಂದರು. "ಬಾಣಂತನಕ್ಕೆ ಬಂದ ಹೆಣ್ಮಕ್ಳ ಮಂಚ ಕಿತ್ತಾಕ್ತೀಯಾ?" 2007ರಲ್ಲಿ ನಮ್ಮೂರು ಕೊಕ್ಕರೆಬೆಳ್ಳೂರು ಈ ಹಕ್ಕಿಗಳಿಗಾಗಿ ಸಮುದಾಯ ಮೀಸಲು ಆಯಿತು. 1976ರಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಈ ಹಕ್ಕಿಗಳನ್ನು ಹೊರಗಿನವರ ಕಣ್ಣಿಗೆ ಬೀಳಿಸಿದ್ದರು. ಅತ್ತಿಗೆಯ ಕಾನೂನು ಇವೆರಡಕ್ಕಿಂತ ಹಳೇದು.

ಹಾಗಾಗಿ ಪ್ಯಾನೆಲ್ಲು ಮೆದೆ ಪಕ್ಕದ ಬಯಲಿಗೆ, ದಕ್ಷಿಣಕ್ಕೆ ಮುಖ, 13 ಡಿಗ್ರಿ ಓರೆ. ಅಲ್ಲಿಂದ ಹುಳದ ಮನೆಗೆ 60 ಅಡಿ. ಎರಡನ್ನೂ ಜೊತೆಜೊತೆಗೆ ಕಟ್ಟಿ 12 ವೋಲ್ಟಿನಲ್ಲೇ 18 ಆಂಪಿಯರ್ ತಂದರೆ, ಮನೆ ವೈರಿಂಗಿನ 2.5 ಎಂಎಂ ವೈರು ದಾರೀಲೇ ಸುಮಾರು 5 ವೋಲ್ಟು ತಿಂದು ಬಿಡುತ್ತೆ. ಒಂದರ ಬಾಲಕ್ಕೆ ಇನ್ನೊಂದು ಸೇರಿಸಿ 36 ವೋಲ್ಟು ಮಾಡು, ಕರೆಂಟು 9ಕ್ಕೆ ಇಳಿಯುತ್ತೆ. 4 ಎಂಎಂ ವೈರು ಎಳೆ, ಬ್ಯಾಟರಿ ಹತ್ತಿರ, ವೋಲ್ಟು ಇಳಿಸಿ ಕರೆಂಟು ಏರಿಸಿ ಕೊಡುವ ಎಂಪಿಪಿಟಿ ಕಂಟ್ರೋಲರ್ ಮಡಗು ಅಂದೆ.

ಅಣ್ಣ ಏಣಿ ಹತ್ತಿ ಪ್ಯಾನೆಲ್ಲು ಇಳಿಸಿದ. ತೆಂಗಿನ ನಾರಲ್ಲಿ ಉಜ್ಜಿ ತೊಳೆದು, ಆ ಬಿಳಿ ನೀರನ್ನು ಬೇಲಿ ಬುಡಕ್ಕೆ ಚೆಲ್ಲಲು ಹೊರಟಿದ್ದ.

"ಅಯ್ಯೋ, ಅಲ್ಲಿಗ್ಯಾಕೆ?" ಅತ್ತಿಗೆ ಬಕೆಟ್ಟು ಕಿತ್ತುಕೊಂಡು ಹಿಪ್ಪುನೇರಳೆ ಸಾಲಿನ ಕಡೆ ನಡೆದರು.