ಎಂಡಿ–ಪಿಎಚ್‌ಡಿ: ಬಳಸುವ ಮುನ್ನ ಓದಿಕೊಳ್ಳಿ

ಅಮೆರಿಕದಲ್ಲಿ ಎಂಡಿ ಜೊತೆಗೇ ಪಿಎಚ್‌ಡಿಯನ್ನೂ ಮಾಡಲೋ ಬೇಡವೋ ಎಂದು ತೂಗುತ್ತಿರುವ ಕನ್ನಡದ ಮಕ್ಕಳಿಗೂ, ಅವರಿಗಿಂತ ಮುಂಚೆಯೇ ತೀರ್ಮಾನ ಮಾಡಿ ಕೂತಿರುವ ಅಪ್ಪ ಅಮ್ಮಂದಿರಿಗೂ ಈ ಕೈಪಿಡಿ.

ಪೆಟ್ಟಿಗೆಯೊಳಗೆ: ಎರಡು ವರ್ಷ ತರಗತಿ, ಸುಮಾರು ನಾಲ್ಕು ವರ್ಷ ಲ್ಯಾಬು, ಮತ್ತೆರಡು ವರ್ಷ ವಾರ್ಡು. ಒಟ್ಟು ಎಂಟು, ಇಲಿಗಳು ಸಹಕರಿಸದಿದ್ದರೆ ಒಂಬತ್ತು. ರೆಸಿಡೆನ್ಸಿ ಇದರಲ್ಲಿ ಸೇರಿಲ್ಲ. ಅದು ಬೇರೆ, ಮೂರರಿಂದ ಏಳು ವರ್ಷ.

ಬೆಲೆ ನೋಡಿ ಮರುಳಾಗಬೇಡಿ. 1964ರಿಂದ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹಣ ಕೊಡುತ್ತಿರುವ ಎಂಎಸ್‌ಟಿಪಿ ಎಂಬ ಎಂಡಿ–ಪಿಎಚ್‌ಡಿ ಕಾರ್ಯಕ್ರಮಗಳಲ್ಲಿ ಫೀಸು ಮಾಫಿ, ಮೇಲೆ ಸ್ಟೈಪೆಂಡು. ಕೇಳಿದೊಡನೆ ಅಪ್ಪಂದಿರ ಮುಖ ಅರಳುತ್ತದೆ. ಅವರ ಕೈಗೊಂದು ಪೆನ್ನು ಕೊಡಿ. ನಾಲ್ಕು ವರ್ಷ ಮುಂಚೆ ಸ್ಪೆಷಲಿಸ್ಟ್ ಆದ ಗೆಳೆಯ ಅಷ್ಟರಲ್ಲಿ ಎಣಿಸುವ ಸಂಬಳ ಒಂದು ಕಡೆ, ಉಳಿದ ಫೀಸು ಇನ್ನೊಂದು ಕಡೆ ಬರೆಯಲಿ. ಮುಖ ತಾನೇ ಮೊದಲಿನಂತಾಗುತ್ತದೆ. ಫೀಸು ಉಳಿಯುತ್ತದೆಂದು ಪಿಎಚ್‌ಡಿ ಮಾಡುವುದು, ಊಟ ಬಿಟ್ಟಿ ಸಿಗುತ್ತದೆಂದು ಮದುವೆಯಾದ ಹಾಗೆ.

ಪರೀಕ್ಷಿಸುವ ವಿಧಾನ: ಅರ್ಜಿಯಲ್ಲಿ ಎಲ್ಲರೂ ಬರೆಯುವ ಪ್ರಬಂಧದ ಜೊತೆ ಇನ್ನೆರಡುಂಟು. ಎರಡು ಪದವಿ ಏಕೆ ಎನ್ನಲು 3,000 ಅಕ್ಷರ, ಮಾಡಿದ ಸಂಶೋಧನೆಗೆ 10,000. ಎರಡನೆಯದನ್ನೇ ಮೊದಲು ಬರೆಯಿರಿ. ಬ್ಯಾಂಡು ಕಾಣಬೇಕಾದಲ್ಲಿ ಬರೀ ಮಸಿ ಬಳಿದಂತಾದ ವೆಸ್ಟರ್ನ್ ಬ್ಲಾಟು, ತಪ್ಪು ಆಂಟಿಬಾಡಿಯದೋ ತೊಳೆದದ್ದು ಸಾಲದೋ ತಿಳಿಯದೆ ಮತ್ತೆ ಜೆಲ್ ಹೊಯ್ದ ವಾರ, ಇವನ್ನು ಬರೆಯುವಾಗ ಕೈ ತಾನಾಗಿ ಓಡಿದರೆ ಮುಂದುವರಿಯಿರಿ. ‘ಮನುಕುಲದ ಸೇವೆ’ಯೇ ಮತ್ತೆ ಮತ್ತೆ ಇಣುಕಿದರೆ ಬರೀ ಎಂಡಿ ಸಾಕು, ಎಂಡಿ ಮಾಡಿದವರು ಸಂಶೋಧನೆ ಮಾಡಬಾರದೆಂದು ಯಾರೂ ತಡೆದಿಲ್ಲ. ರೋಗಿಯ ಹೊಟ್ಟೆ ಮುಟ್ಟಿ ನೋಡುವ ಆಸೆಯೇ ಇಲ್ಲವೆ? ಬರೀ ಪಿಎಚ್‌ಡಿ.

ದೋಷ ಕಂಡುಬಂದಲ್ಲಿ: ಲ್ಯಾಬು ಮುಗಿಸಿ ವಾರ್ಡಿಗೆ ಮರಳಿದಾಗ ಎಲ್ಲರಿಗೂ ಕೇಳಿಸುವ ಹೃದಯದ ಮರ್ಮರ್ ನಿಮಗೆ ಮಾತ್ರ ಕೇಳಿಸದು. ಸ್ಟೆತಸ್ಕೋಪ್ ಬದಲಿಸಬೇಡಿ, ಅದು ಸರಿಯಾಗಿಯೇ ಇದೆ. ನಿಮ್ಮಿಂದ ಕೇಸ್ ಒಪ್ಪಿಸಿಕೊಳ್ಳುವ ಸೀನಿಯರ್ ರೆಸಿಡೆಂಟ್, ಮೊದಲ ವರ್ಷ ಹೆಣ ಕೊಯ್ಯುವಾಗ ನಿಮ್ಮ ಟೇಬಲ್ಲಿನಲ್ಲೇ ನಿಂತಿದ್ದವಳಾಗಿರಬಹುದು. ಹಳೇ ಸಲಿಗೆ ಕ್ಯಾಂಟೀನಿಗೆ ಇರಲಿ.

ರಜೆಗೆ ಊರಿಗೆ ಬಂದಾಗ ದೊಡ್ಡಪ್ಪ, “ಇನ್ನೂ ಓದ್ತಾನೇ ಇದ್ದೀಯೇನಪ್ಪಾ?” ಎನ್ನುತ್ತಾರೆ. ವಿವರಣೆಗೆ ಇಳಿಯದೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ. ಅಷ್ಟರಲ್ಲಿ ದೊಡ್ಡಮ್ಮ ಸೀರೆ ಕೊಂಚ ಮೇಲೆತ್ತಿ ಮಂಡಿ ತೋರಿಸುತ್ತಾರೆ. ಇಲಿಯ ಮಂಡಿಯಾಗಿದ್ದರೆ ಏನಾದರೂ ಹೇಳಬಹುದಿತ್ತು.